ಖಾಲಿ ತೋಟಾದ ಬುಡದಲ್ಲಿ ಕೇಪಿನ ಒತ್ತುಗುರುತು: ಒಂದು ಚಾರಿತ್ರಿಕ ಪರಿಶೀಲನೆ

ಹಾರಿಸಿದ ರೈಫಲ್ ತೋಟಾದ ಬುಡ ತಿರುವಿ ನೋಡಿದರೆ ಮೂರು ಬಗೆಯ ಗುರುತುಗಳು ಸಿಗುತ್ತವೆ. ಕಾರ್ಖಾನೆಯ ಅಕ್ಷರ, ಇಸವಿಗಳ ಅಚ್ಚು ಒಂದು. ಕೇಪು, ಅಂದರೆ ಪ್ರೈಮರ್, ಜಾರದಂತೆ ಅದರ ಸುತ್ತಲಿನ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿದ ಗುರುತು ಇನ್ನೊಂದು. ಫೈರಿಂಗ್ ಪಿನ್ನಿನ ಗುಳಿ, ಎಕ್ಸ್‌ಟ್ರಾಕ್ಟರ್ ಎಳೆದ ಗೀರು ಮೊದಲಾದ ಕೋವಿಯ ಗುರುತುಗಳು ಮೂರನೆಯವು. ಸಂಗ್ರಾಹಕರು ಅಚ್ಚನ್ನು ಓದುತ್ತಾರೆ, ವಿಧಿವಿಜ್ಞಾನದವರು ಕೋವಿಯ ಗುರುತನ್ನು ಓದುತ್ತಾರೆ. ನಡುವಿನ ಒತ್ತುಗುರುತನ್ನು ಕೇಳುವವರು ಕಡಿಮೆ. ತೋಟಾ ಯಾವ ಕೋವಿಯಿಂದ ಹಾರಿತು ಎಂಬುದು ಅದರಿಂದ ಗೊತ್ತಾಗುವುದಿಲ್ಲ, ನಿಜ. ಆದರೆ ಎಂಥ ಕೋವಿಗೆ ಹೆದರಿ ಕಾರ್ಖಾನೆ ಆ ತೋಟಾವನ್ನು ಹಾಗೆ ಮಾಡಿತು ಎಂಬುದು ಅದರಿಂದಲೇ ಗೊತ್ತಾಗಬೇಕು.

ಒತ್ತುಗುರುತು ಚರಿತ್ರೆಯ ಸಾಕ್ಷಿಯಾಗಿ ನಿಂತ ಪ್ರಸಿದ್ಧ ನಿದರ್ಶನ ಅಮೆರಿಕದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ರಣಭೂಮಿ. 1876ರ ಜೂನ್ 25ರಂದು ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರನೂ ಅವನ ಜೊತೆಗಿದ್ದ ಐದು ಕಂಪನಿಗಳೂ ಲಕೋಟಾ ಮತ್ತು ಷೆಯೆನ್ ಬುಡಕಟ್ಟುಗಳ ಯೋಧರ ಕೈಯಲ್ಲಿ ನಾಶವಾದದ್ದು ಅಲ್ಲಿ. 1983ರ ಕಾಳ್ಗಿಚ್ಚಿನಲ್ಲಿ ಹುಲ್ಲೆಲ್ಲ ಸುಟ್ಟು ನೆಲ ಬಯಲಾದಾಗ, ಪುರಾತತ್ವಜ್ಞರಾದ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಮರುವರ್ಷವೇ ಲೋಹಶೋಧಕ ಹಿಡಿದು ಸರ್ವೇಕ್ಷಣೆ ಆರಂಭಿಸಿದರು. ಸಿಕ್ಕ ಸೈನ್ಯದ ತೋಟಾಗಳು ಫ್ರಾಂಕ್‌ಫರ್ಡ್ ಆರ್ಸೆನಲ್ ಎಂಬ ಸೇನಾ ಕಾರ್ಖಾನೆಯಲ್ಲಿ ತಯಾರಾದವು, 1873ರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿಗೆ ಸೇರಿದವು. ಅವುಗಳ ಬುಡ ನುಣುಪು. ಅಕ್ಷರವೂ ಇಲ್ಲ, ಹೊರಗೆ ಕಾಣುವ ಕೇಪೂ ಇಲ್ಲ. ಅಂಚಿನಲ್ಲೇ ಮದ್ದು ತುಂಬಿದ ರಿಮ್‌ಫೈರ್ ತೋಟಾ ಎಂದು ಯಾರಾದರೂ ಬಗೆಯಬಹುದು.

ಅದನ್ನು ಅಲ್ಲಗಳೆಯುವುದು ಪಕ್ಕದಲ್ಲಿರುವ ಎರಡು ತಗ್ಗುಗಳು. ಅಂಚಿನ ಸ್ವಲ್ಪ ಮೇಲೆ, ಎದುರುಬದುರಾಗಿ, ತಾಮ್ರವನ್ನು ಹೊರಗಿನಿಂದ ಒಳಕ್ಕೆ ಒತ್ತಿದ್ದಾರೆ. ಸ್ಫೋಟಕ ಮಿಶ್ರಣವನ್ನು ಹೊತ್ತ ಪುಟ್ಟ ಬಟ್ಟಲು ತೋಟಾದ ಹೊಟ್ಟೆಯೊಳಗೇ ಇದ್ದು, ಅದು ಕದಲದಂತೆ ಹಿಡಿದಿಡುವುದು ಈ ತಗ್ಗುಗಳ ಕೆಲಸ. ಸ್ಟೀಫನ್ ವಿನ್ಸೆಂಟ್ ಬೆನೆ ಎಂಬ ಸೇನಾಧಿಕಾರಿಯ ಹೆಸರಿನಲ್ಲಿ ಈ ರಚನೆಯನ್ನು ಗುರುತಿಸುತ್ತಾರೆ. ಪಿನ್ನಿನ ಗುಳಿ ಅಂಚಿಗೆ ಬೀಳದೆ ನಟ್ಟನಡುವೆ ಬಿದ್ದಿರುವುದು ಇದಕ್ಕೆ ಪೂರಕ. ಫ್ರಾಂಕ್‌ಫರ್ಡ್ ತನ್ನ ತೋಟಾದ ಬುಡಕ್ಕೆ ತಿಂಗಳು, ಇಸವಿ ಒತ್ತತೊಡಗಿದ್ದು 1877ರ ಮಾರ್ಚ್‌ನಿಂದ. ಹಾಗಾಗಿ ಅಕ್ಷರವಿಲ್ಲದಿರುವುದೇ ಇಲ್ಲಿ ಕಾಲಸೂಚಕ.

ಇದೇ ತೋಟಾಗಳ ಮೇಲೆ ಇನ್ನೊಂದು ವಿವಾದವೂ ತೀರ್ಮಾನವಾಗಬೇಕಿತ್ತು. ಮೆತ್ತನೆಯ ತಾಮ್ರ ಬಿಸಿಗೆ ಹಿಗ್ಗಿ ಕೋವಿಯೊಳಗೇ ಸಿಕ್ಕಿಕೊಂಡಿತು, ಸೈನಿಕರು ಚಾಕುವಿನಿಂದ ಕೀಳುತ್ತ ಕೂತರು, ಅದರಿಂದಲೇ ಸೋತರು ಎಂಬ ಕಥೆ ಬಹುಕಾಲ ಓಡಾಡಿತು. ಒತ್ತುಗುರುತನ್ನೂ ಚಾಕುವಿನ ಗಾಯವನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಒತ್ತುಗುರುತು ಸಮವಾಗಿ, ಅಂಚು ದುಂಡಗಾಗಿ, ಲೋಹ ಹರಿಯದೆ ಇರುತ್ತದೆ. ಕಿತ್ತ ಗಾಯ ಒಂದೇ ಮಗ್ಗುಲಲ್ಲಿ, ಚೂಪಾಗಿ, ಲೋಹವನ್ನು ಕೆರೆದಂತೆ ಇರುತ್ತದೆ. ಹಾಗೆ ಎಣಿಸಿದಾಗ ಕಿತ್ತ ಗಾಯವಿದ್ದವು ನೂರಕ್ಕೆ ಮೂರರ ಆಸುಪಾಸು ಮಾತ್ರ. ಸೋಲಿನ ಹೊಣೆಯನ್ನು ತಾಮ್ರದ ತಲೆಗೆ ಕಟ್ಟುವುದು ಅಷ್ಟರಿಂದ ಸಾಧ್ಯವಿಲ್ಲ.

ಕೇಪು ಹೊರಗೆ ಬಂದ ಮೇಲೆ ಒತ್ತುಗುರುತಿನ ಜಾಗವೂ ಬದಲಾಯಿತು. ಅಮೆರಿಕದ ಬರ್ಡನ್, ಇಂಗ್ಲೆಂಡಿನ ಬಾಕ್ಸರ್, ಇಬ್ಬರೂ 1866ರಲ್ಲೇ ತಮ್ಮ ತಮ್ಮ ಕೇಪಿನ ರಚನೆಗೆ ಪೇಟೆಂಟ್ ಪಡೆದವರು. ತಮಾಷೆಯೆಂದರೆ ಬರ್ಡನ್ನನ ಕೇಪು ಯುರೋಪಿನಲ್ಲಿ ನೆಲೆಯೂರಿತು, ಬಾಕ್ಸರನದು ಅಮೆರಿಕದಲ್ಲಿ. ಕರಿಮದ್ದಿನ ಕಾಲದಲ್ಲಿ ಕೇಪನ್ನು ಬಿಗಿಯಾಗಿ ತುರುಕಿದರೆ ಸಾಕಿತ್ತು. ಹೊಗೆರಹಿತ ಮದ್ದಿನೊಂದಿಗೆ ಒತ್ತಡ ಏರಿತು, ಮ್ಯಾಕ್ಸಿಮ್‌ನಂಥ ಯಂತ್ರಕೋವಿಗಳೂ ಬಂದವು. ಗುಂಡು ಹಾರುವ ಕ್ಷಣದಲ್ಲಿ ಕೇಪು ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಬೆನ್ನಿಗೇ ತೋಟಾವೂ ಹಿಂದಕ್ಕೆ ಬಡಿದು ಅದನ್ನು ಮತ್ತೆ ಗೂಡಿಗೆ ಕೂರಿಸುತ್ತದೆ. ಕೈಯಿಂದ ಬೋಲ್ಟ್ ಎಳೆಯುವ ಕೋವಿಯಲ್ಲಿ ಇದು ನಿರಪಾಯ. ನಿಮಿಷಕ್ಕೆ ನೂರಾರು ಗುಂಡು ಹಾರಿಸುವ ಯಂತ್ರದಲ್ಲಿ ಸಡಿಲವಾದ ಒಂದೇ ಕೇಪು ಒಳಗೆ ಬಿದ್ದರೂ ಕೋವಿ ನಿಂತೇ ಹೋಗುತ್ತದೆ. ಸೈನ್ಯಕ್ಕೆ ತೋಟಾ ಮಾಡುವವರು ಒತ್ತುಗುರುತಿಗೆ ಅಂಟಿಕೊಂಡದ್ದೂ, ಬೇಟೆಯ ತೋಟಾಗಳಲ್ಲಿ ಅದು ಅಪರೂಪವಾಗಿರುವುದೂ ಈ ಕಾರಣಕ್ಕೆ.

ಮುಖ್ಯ ರೂಪಗಳು ಎರಡು. ಕೇಪಿನ ಸುತ್ತ ಪೂರ್ತಿ ವೃತ್ತವಾಗಿ ಒತ್ತಿದ ಬಳೆಗುರುತು ಒಂದು. ಅಮೆರಿಕದ ಲೇಕ್ ಸಿಟಿ ಸೇನಾ ಕಾರ್ಖಾನೆಯ 5.56 ಮಿಮೀ ತೋಟಾಗಳಲ್ಲಿ ಇದನ್ನು ನೋಡಬಹುದು. ಉಳಿಯಿಂದ ಚುಚ್ಚಿದಂತಿರುವ ಬಿಡಿ ಗುರುತುಗಳು ಇನ್ನೊಂದು; .50 ಬ್ರೌನಿಂಗ್ ತೋಟಾದಲ್ಲಿ ಸಾಮಾನ್ಯವಾಗಿ ಇಂಥವು ಮೂರು. ನೋಡುವಾಗ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಹಿತ್ತಾಳೆಯ ತುಟಿ ಕೇಪಿನ ಅಂಚಿನ ಮೇಲೆ ಬಾಗಿದೆಯೇ ಎಂಬುದೇ ನಿರ್ಣಾಯಕ ಪ್ರಶ್ನೆ. ಅದಿಲ್ಲದ ಬಳೆ ಒತ್ತುಗುರುತಲ್ಲ. ಫ್ರಾನ್ಸಿನ ಲೆಬೆಲ್ ರೈಫಲ್ಲಿನ ‘ಬಾಲ್ ಡಿ’ ತೋಟಾದ ಬುಡದಲ್ಲಿ ಕೇಪಿನ ಸುತ್ತ ಒಂದು ಆಳವಾದ ಕಾಲುವೆಯಿದೆ. ನಳಿಗೆಯಂಥ ಮ್ಯಾಗಝೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುವುದರಿಂದ, ಹಿಂದಿನ ಗುಂಡಿನ ಚೂಪು ಮೊನೆ ಮುಂದಿನದರ ಕೇಪಿಗೆ ತಾಗದೆ ಆ ಕಾಲುವೆಯಲ್ಲಿ ನಿಲ್ಲಲಿ ಎಂದು ಕೊರೆದದ್ದು ಅದು.

ಮರುಭರ್ತಿಯ ತೋಟಾ ಇನ್ನಷ್ಟು ದಾರಿ ತಪ್ಪಿಸುತ್ತದೆ. ಹೊಸ ಕೇಪು ಕೂರಿಸಲು ಹಳೆಯ ತುಟಿಯನ್ನು ಕೆತ್ತಿಯೋ ಒತ್ತಿಯೋ ತೆಗೆಯಬೇಕು. ಆಗ ಗೂಡಿನ ಬಾಯಿಗೆ ಹೊಳೆಯುವ ಓರೆ ಅಂಚು ಬರುತ್ತದೆ, ಬಳೆಯ ಹೊರಗೆರೆ ಅರೆಬರೆ ಉಳಿಯುತ್ತದೆ. ಅಂಥ ತೋಟಾದ ಮೇಲಿನ ಇಸವಿ ಅದು ತಯಾರಾದ ಕಾಲದ್ದು. ಕೊನೆಯ ಸಲ ಹಾರಿದ್ದು ಎಷ್ಟೋ ವರ್ಷ ಆಮೇಲೆ ಇರಬಹುದು.

ಭಾರತದಲ್ಲಿ ಲಿಟಲ್ ಬಿಗ್‌ಹಾರ್ನ್‌ನಂಥ ಅಧ್ಯಯನಕ್ಕೆ ದೊಡ್ಡ ತೊಡಕೆಂದರೆ, ಖಾಲಿ ತೋಟಾಗಳನ್ನು ಆಯ್ದು ಲೆಕ್ಕ ಒಪ್ಪಿಸುವ ಸೈನ್ಯದ ಪದ್ಧತಿ. ಜಲಿಯನ್‌ವಾಲಾ ಬಾಗ್‌ನಲ್ಲಿ ಹಾರಿದ್ದು 1650 ಗುಂಡು ಎಂಬ ಸಂಖ್ಯೆ ಬಂದದ್ದೂ ಹಾಗೆ ಆಯ್ದ ಖಾಲಿ ತೋಟಾಗಳ ಎಣಿಕೆಯಿಂದ. ನಮ್ಮಲ್ಲಿ ಕೈಗೆ ಸಿಗಬಹುದಾದದ್ದು ಹೆಚ್ಚಾಗಿ .303 ತೋಟಾ. ಪುಣೆಯ ಖಡ್ಕಿ ಕಾರ್ಖಾನೆಯದಾದರೆ ‘ಕೆ’, ‘ಎಫ್’ ಅಕ್ಷರಗಳಿರುತ್ತವೆ. ಇವುಗಳಲ್ಲಿ ಕೇಪಿನ ಸುತ್ತಲಿನ ಸಂದಿಗೆ ಬಳಿದ ಬಣ್ಣವೂ ಸಾಕ್ಷಿಯೇ: ನೇರಳೆ ಸಾಮಾನ್ಯ ಗುಂಡಿಗೆ, ಕೆಂಪು ಟ್ರೇಸರಿಗೆ, ಹಸಿರು ಕವಚ ಭೇದಿಸುವ ಗುಂಡಿಗೆ. ಒತ್ತುಗುರುತಿನ ಪಕ್ಕ ಸೀಳು ಕಂಡರೆ ಅದನ್ನು ಉಪಕರಣದ ಗುರುತೆಂದು ಕೂಡಲೇ ಬರೆದುಕೊಳ್ಳಬಾರದು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಬ್ರಿಟಿಷ್ ಸೈನ್ಯದ ತೋಟಾಗಳು ತಾವಾಗಿಯೇ ಸೀಳಿದ್ದು, ಅದರಲ್ಲೂ ಗುಂಡನ್ನು ಬಿಗಿದ ಬಾಯಿಯ ಬಳಿ ಸೀಳಿದ್ದು ಭಾರತದಲ್ಲೇ. ಒಳಒತ್ತಡ ಉಳಿದ ಹಿತ್ತಾಳೆಗೆ ಅಮೋನಿಯಾ ತಗುಲಿದರೆ ಹೀಗಾಗುತ್ತದೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಸಂಶೋಧಕರು ಆಮೇಲೆ ವಿವರಿಸಿದರು.

ಹಳೆಯ ತೋಟಾ ಎಲ್ಲಾದರೂ ಕಂಡರೆ ಮೊದಲು ಮುಟ್ಟಬೇಡಿ. ಅದು ಹಾರದೆ ಉಳಿದ ಜೀವಂತ ತೋಟಾ ಆಗಿರಬಹುದು. ಬಿದ್ದ ಜಾಗ ಬರೆದಿಟ್ಟು, ಕಂಡಂತೆ ಚಿತ್ರ ತೆಗೆದು ಪೊಲೀಸ್ ಠಾಣೆಗೆ ತಿಳಿಸಿ. ಮನೆಯ ಹಿತ್ತಾಳೆ ಪಾತ್ರೆಯೆಂಬಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಮೊದಲು ಹೋಗುವುದು ಆ ನೇರಳೆ ಬಣ್ಣ.