ವಿಮಾನದ ದೂರಕ್ಕೆ ನಾವಿಕರ ಸೂತ್ರ

2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಏರ್ ಇಂಡಿಯಾದ ನೇರ ವಿಮಾನ ಸಂಚಾರ ಆರಂಭವಾಯಿತು. ಎರಡು ನಿಲ್ದಾಣಗಳ ನಡುವಣ ದೂರ ಸುಮಾರು 14,000 ಕಿಮೀ ಎಂದು ಆಗ ವರದಿಯಾಯಿತು. ಈ ಸಂಖ್ಯೆ ಬಂದದ್ದು ಹೇಗೆ?

ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಉತ್ತರ ಸಿಗದು. ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಹಿಮಾಲಯ, ಚೀನಾ, ಸೈಬೀರಿಯಗಳನ್ನು ದಾಟಿ, ಸುಮಾರು 71° ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲೆ ಹಾದು ಕೆಳಗಿಳಿಯುತ್ತದೆ. ಇದೇ ಮಹಾವೃತ್ತದ ಕಂಸ. ಭೂಕೇಂದ್ರದಲ್ಲಿ ಈ ಕಂಸ ಉಂಟುಮಾಡುವ ಕೋನ ತಿಳಿದರೆ ದೂರ ತಿಳಿದಂತೆಯೇ. ಒಂದು ಡಿಗ್ರಿಗೆ ಸುಮಾರು 111.2 ಕಿಮೀ.

ಕೋನ ಕಂಡುಹಿಡಿಯಲು ಗೋಳೀಯ ತ್ರಿಕೋನಮಿತಿಯ ಕೊಸೈನ್ ನಿಯಮವಿದೆ. ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧ ಒಂದು. ಅವೇ ಅಕ್ಷಾಂಶಗಳ ಕೊಸೈನ್‌ಗಳು ಹಾಗೂ ರೇಖಾಂಶ ವ್ಯತ್ಯಾಸದ ಕೊಸೈನ್, ಈ ಮೂರರ ಗುಣಲಬ್ಧ ಇನ್ನೊಂದು. ಇವೆರಡನ್ನೂ ಕೂಡಿಸಿದರೆ ಬೇಕಾದ ಕೋನದ ಕೊಸೈನ್ ಸಿಗುತ್ತದೆ. ಅಕ್ಷಾಂಶ 13.2° ಮತ್ತು 37.6°, ರೇಖಾಂಶ ವ್ಯತ್ಯಾಸ 159.9° ಎಂದು ತೆಗೆದುಕೊಂಡರೆ ಮೊತ್ತ −0.585, ಕೋನ 125.8°, ದೂರ 13,990 ಕಿಮೀ. ಕ್ಯಾಲ್ಕುಲೇಟರ್ ಇದ್ದರೆ ಎರಡು ನಿಮಿಷದ ಕೆಲಸ.

ಹತ್ತೊಂಬತ್ತನೆಯ ಶತಮಾನದ ನಾವಿಕನಿಗೆ ಅದಿರಲಿಲ್ಲ. ಓಲಾಡುವ ಹಡಗಿನಲ್ಲಿ ಕುಳಿತು ಲಾಗರಿತಮ್ ಕೋಷ್ಟಕ ನೋಡಿ ಗುಣಿಸಬೇಕಿತ್ತು. 90 ಡಿಗ್ರಿ ಮೀರಿದ ಕೋನದ ಕೊಸೈನ್ ಋಣ ಸಂಖ್ಯೆ. ಅದಕ್ಕೆ ಕೋಷ್ಟಕದಲ್ಲಿ ಲಾಗರಿತಮ್ ಇಲ್ಲ. ಚಿಹ್ನೆಯನ್ನು ಬೇರೆಯಾಗಿ ನೆನಪಿಡಬೇಕು. ಮರೆತರೆ ಹಡಗು ದಾರಿ ತಪ್ಪಿದಂತೆ. ಇನ್ನೊಂದು ತೊಂದರೆ ಸೂಕ್ಷ್ಮವಾದದ್ದು. ದೂರ ಕೇವಲ 1 ಕಿಮೀ ಇದ್ದರೆ ಕೋನದ ಕೊಸೈನ್ 0.9999999877. ಏಳು ದಶಮಾಂಶ ಸ್ಥಾನಗಳಿಗೆ ಅದು 1 ಆಗಿಬಿಡುತ್ತದೆ, ಅಂದರೆ ದೂರ ಸೊನ್ನೆ!

ಇದಕ್ಕೆ ಪರಿಹಾರ, 1ರಿಂದ ಕೊಸೈನನ್ನು ಕಳೆದು ಅರ್ಧ ಮಾಡಿದ ಬೆಲೆ. ಬ್ರಿಟಿಷ್ ನಾವಿಕರಿಗಾಗಿ ಪಠ್ಯಪುಸ್ತಕ ಬರೆದ ಜೇಮ್ಸ್ ಇನ್ಮನ್ 1835ರಲ್ಲಿ ಇದಕ್ಕೆ 'ಹಾವರ್ಸೈನ್' ಎಂದು ಹೆಸರಿಟ್ಟರು. ವಿಧಾನ ಅವರಿಗಿಂತ ಹಳೆಯದು, ಹೆಸರು ಅವರದು. ಅರ್ಧ ಮಾಡುವ ಮೊದಲಿನ ಬೆಲೆ ನಮಗೆ ಹೊಸದಲ್ಲ. ಸೂರ್ಯಸಿದ್ಧಾಂತದ ಉತ್ಕ್ರಮಜ್ಯಾ ಎಂದರೆ ಇದೇ, ತ್ರಿಜ್ಯದಿಂದ ಗುಣಿಸಿದ ರೂಪದಲ್ಲಿ. ತರಗತಿಯಲ್ಲಿ ಈ ಹೆಸರನ್ನು ನಾವು ಹೇಳುವುದೇ ಇಲ್ಲ ಎಂಬುದು ನನ್ನ ಬೇಸರ.

ಹಾವರ್ಸೈನ್ ಅರ್ಧಕೋನದ ಸೈನಿನ ವರ್ಗಕ್ಕೆ ಸಮ. ಹಾಗಾಗಿ ಎಂದೂ ಋಣವಾಗದು. ನಮ್ಮ ಲೆಕ್ಕದಲ್ಲಿ ಅಕ್ಷಾಂಶ ವ್ಯತ್ಯಾಸದ ಹಾವರ್ಸೈನ್ 0.045. ರೇಖಾಂಶ ವ್ಯತ್ಯಾಸದ ಹಾವರ್ಸೈನನ್ನು ಎರಡು ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿದರೆ 0.748. ಎರಡರ ಮೊತ್ತ 0.793, ಕೋನ ಮತ್ತೆ ಅದೇ 125.8°. ನೀವೇ ಮಾಡಿ ನೋಡಿ.

ಗಣಕಗಳು ಬಂದ ಮೇಲೆ ಲಾಗರಿತಮ್ ಕೋಷ್ಟಕ ಮೂಲೆ ಸೇರಿತು. ಹಾವರ್ಸೈನ್ ಮಾತ್ರ ಉಳಿಯಿತು. ಪುಟ್ಟ ಗಣಕಗಳಲ್ಲೂ ಅಂಕೆಗಳು ಸೀಮಿತ. ಅಲ್ಪ ದೂರಗಳಿಗೆ ಕೊಸೈನ್ ನಿಯಮ ಅಲ್ಲೂ ಕೈಕೊಡುತ್ತದೆ ಎಂದು 1984ರಲ್ಲಿ ಆರ್. ಡಬ್ಲ್ಯು. ಸಿನ್ನಾಟ್ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ನೆನಪಿಸಿದರು.

ಭೂಮಿ ಪೂರ್ಣ ಗೋಳವಲ್ಲವಾದ್ದರಿಂದ ಈ ಲೆಕ್ಕದಲ್ಲಿ ಶೇಕಡ 0.5ರಷ್ಟು ದೋಷ ಬರಬಹುದು. ಅದನ್ನು ನಿವಾರಿಸುವ ಸೂತ್ರವನ್ನು ವಿನ್ಸೆಂಟಿ 1975ರಲ್ಲೇ ಕೊಟ್ಟಿದ್ದರು. ಆದರೆ ಗಾಳಿಯ ದಿಕ್ಕು ನೋಡಿ ಪೈಲಟ್ ಬಳಸುದಾರಿ ಹಿಡಿದರೆ, ಹಾರಿದ ದೂರವನ್ನು ಇದ್ಯಾವ ಸೂತ್ರವೂ ಹೇಳದು.