ಸೈಕಲ್ಲಿಗೆ ಬಿಲ್ಲೆ ಇದ್ದ ಕಾಲ: ಜಮಖಂಡಿ, ಮುಧೋಳ, ಬನಹಟ್ಟಿಯ ರಸ್ತೆಗಳ ಕಥೆ

ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಹೇಳ್ತೀನಿ. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಇದ್ದರೆ ಅವರನ್ನೊಮ್ಮೆ ಕೇಳಿ: "ಅಜ್ಜಾ, ಸೈಕಲ್ಲಿಗೆ ಬಿಲ್ಲೆ ಇರ್ತಿತ್ತಂತಲ್ಲ, ಏನದು?"

ಉತ್ತರಕ್ಕೆ ಬಹಳ ಹೊತ್ತು ಕಾಯಬೇಕಾಗಲ್ಲ. ವರ್ಷಕ್ಕೊಮ್ಮೆ ಪುರಸಭೆಗೆ ಹೋಗಿ ಸೈಕಲ್ಲಿನ ತೆರಿಗೆ ಕಟ್ಟಬೇಕಿತ್ತು. ಕಟ್ಟಿದವರಿಗೆ ಒಂದು ಲೋಹದ ಬಿಲ್ಲೆ ಸಿಗುತ್ತಿತ್ತು, ಅದನ್ನು ಸೈಕಲ್ಲಿಗೆ ಬಿಗಿದುಕೊಳ್ಳಬೇಕು. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ದಂಡ. ರಾತ್ರಿ ದೀಪ ಇಲ್ಲದಿದ್ದರೆ ಬೇರೆ ದಂಡ. ಡಬಲ್ ಸೀಟ್ ಹೊಡೆದರೆ ಅದಕ್ಕೂ ದಂಡ. ದೂರದಲ್ಲಿ ಪೊಲೀಸರ ಟೋಪಿ ಕಂಡ ಕೂಡಲೇ ಹಿಂದೆ ಕೂತವನು ಟಣ್ಣನೆ ಜಿಗಿದು, ಏನೂ ಆಗಿಲ್ಲವೆಂಬಂತೆ ನಡೆಯೋಕೆ ಶುರು ಮಾಡುತ್ತಿದ್ದ. ಈ ಕಥೆ ಹೇಳದ ಅಜ್ಜಂದಿರು ನಮ್ಮ ಕಡೆ ಕಡಿಮೆ.

ಈಗಿನವರಿಗೆ ಇದು ತಮಾಷೆ. ಬಡವನ ಸೈಕಲ್ಲಿಗೂ ತೆರಿಗೆನಾ ಅಂತ ಸಿಟ್ಟೂ ಬರಬಹುದು. ಆದರೆ ನನಗೆ ಆ ಬಿಲ್ಲೆಯಲ್ಲಿ ಇನ್ನೊಂದು ವಿಷಯ ಕಾಣುತ್ತೆ. ಮೋಟಾರು ವಾಹನದ ತೆರಿಗೆ ಹೋಗುವುದು ರಾಜ್ಯ ಸರಕಾರಕ್ಕೆ. ಊರಿನ ಪುರಸಭೆ ತೆರಿಗೆ ಹಾಕಬಹುದಾಗಿದ್ದು ಮೋಟಾರು ಇಲ್ಲದ ಗಾಡಿಗಳ ಮೇಲೆ. 1964ರ ಪುರಸಭೆಗಳ ಕಾಯ್ದೆಯಲ್ಲೂ ಆ ಅಧಿಕಾರ ಕೊಟ್ಟಿದ್ದಾರೆ. ಅಂದರೆ ಟಾಂಗಾ, ಚಕ್ಕಡಿ, ಸೈಕಲ್ ಇವೇ ಊರಿನ ಸ್ವಂತ ವಾಹನಗಳು. ಬಿಲ್ಲೆ ಕೊಡುವ ಪುರಸಭೆಯ ರಿಜಿಸ್ಟರಿನಲ್ಲಿ ಊರಲ್ಲಿ ಎಷ್ಟು ಸೈಕಲ್ ಇವೆ ಅನ್ನೋದಕ್ಕೊಂದು ಲೆಕ್ಕ ಇರುತ್ತಿತ್ತು. ತೆರಿಗೆ ಹೋಯಿತು, ಬಿಲ್ಲೆ ಹೋಯಿತು, ಒಳ್ಳೇದೇ ಆಯಿತು. ಜೊತೆಗೆ ಆ ಲೆಕ್ಕವೂ ಹೋಯಿತು. ನಮ್ಮ ರಸ್ತೆಗಳು ಸೈಕಲ್ ಹೊಡೆಯೋರನ್ನ, ನಡೆಯೋರನ್ನ ಮರೆತದ್ದು ಹೇಗೆ ಅನ್ನೋದನ್ನ ನಾನು ಇಲ್ಲಿಂದ ಶುರು ಮಾಡ್ತೀನಿ.

ಮೊದಲು ನಮ್ಮ ಊರುಗಳನ್ನ ನೋಡೋಣ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಮತ್ತು ಬನಹಟ್ಟಿ ಇವತ್ತು ಒಂದೇ ನಗರಸಭೆ. ರಾಮಪುರ, ಹೊಸೂರು ಸೇರಿ ನಾಲ್ಕೂರಿನ ನಗರ ಅದು. ಆದರೆ ಆಗ ರಬಕವಿ ಸಾಂಗ್ಲಿ ಸಂಸ್ಥಾನದಲ್ಲಿ, ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿ. ಪಕ್ಕದೂರಿಗೆ ನಡೆದು ಹೋದರೆ ರಾಜನೇ ಬೇರೆ! 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನ ಆದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು.

ರೈಲಿನ ಕಥೆ ನಿಮಗೆ ಗೊತ್ತೇ ಇದೆ. ಹತ್ತೊಂಬತ್ತನೇ ಶತಮಾನ ಮುಗಿಯೋದರೊಳಗೆ ಒಂದು ಕಡೆ ಬಾಗಲಕೋಟೆಗೆ, ಇನ್ನೊಂದು ಕಡೆ ಕುಡಚಿಗೆ ರೈಲು ಬಂತು. ನಡುವೆ ಇದ್ದ ನಮ್ಮೂರುಗಳಿಗೆ ಬರಲಿಲ್ಲ. ಬಾಗಲಕೋಟೆ–ಕುಡಚಿ ಮಾರ್ಗಕ್ಕಾಗಿ ಎಷ್ಟು ಹೋರಾಟ ಆಯ್ತು ಅನ್ನೋದು ಬೇರೆಯೇ ಸಂಚಿಕೆ ಆಗುತ್ತೆ. ಹಾಗಾಗಿ ಇಲ್ಲಿನ ಜನ ಓಡಾಡಿದ್ದು ಕಾಲಲ್ಲಿ, ಚಕ್ಕಡಿಯಲ್ಲಿ, ಆಮೇಲೆ ಸೈಕಲ್ಲಿನಲ್ಲಿ. ಮೊದಮೊದಲು ಇಂಗ್ಲೆಂಡಿನ ರ‍್ಯಾಲಿ, ಹರ್ಕ್ಯುಲಿಸ್. ಸ್ವಾತಂತ್ರ್ಯದ ನಂತರ ಸೋನಿಪತ್ತಿನ ಅಟ್ಲಾಸ್, ಲೂಧಿಯಾನಾದ ಹೀರೋ.

ಈಗ ಜಮಖಂಡಿ ಪುರಸಭೆಗೆ ಬರೋಣ. ಸಾವಳಗಿಯ ಬಿ. ಡಿ. ಜತ್ತಿ ಅವರ ಹೆಸರು ಕೇಳಿದ್ದೀರಿ. ಮೈಸೂರು ರಾಜ್ಯದ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಅವರ ರಾಜಕೀಯ ಶುರುವಾದದ್ದು 1940ರಲ್ಲಿ, ಜಮಖಂಡಿ ಪುರಸಭೆಯ ಸದಸ್ಯರಾಗಿ. 1945ರಲ್ಲಿ ಅಧ್ಯಕ್ಷರಾದರು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ವಾರ್ಡ್ ಸದಸ್ಯ ಅಂದರೆ ನಮ್ಮ ಬಾಯಲ್ಲಿ ಈಗ ಅದೊಂದು ಸಣ್ಣ ಮಾತು. ಗಟಾರು, ದೀಪದ ಕಂಬ, ರಸ್ತೆ ಮೇಲಿನ ಫರ್ಸಿ ಇವನ್ನ ನೋಡಿಕೊಳ್ಳುವ ಸಭೆಯಿಂದಲೇ ಒಬ್ಬರು ರಾಷ್ಟ್ರಪತಿ ಭವನದವರೆಗೆ ಹೋಗಿದ್ದಾರೆ.

ಬನಹಟ್ಟಿಯಲ್ಲಿ ನಡಿಗೆಗೆ ಇನ್ನೊಂದು ಕಾರಣ ಇದೆ. ಮಗ್ಗ ಇರೋದು ಮನೆಯಲ್ಲೇ. ಮಲಗೋದು ಒಂದು ಕಡೆ, ದುಡಿಯೋದು ಗೋಡೆಯಾಚೆ. ಹೊರಗೆ ಹೋಗಬೇಕಾದದ್ದು ನೂಲು ತರೋಕೆ, ಸೈಜಿಂಗಿನಿಂದ ಬೀಮು ತರೋಕೆ, ನೇಯ್ದ ಸೀರೆ ಮಾಲಕರಿಗೆ ಮುಟ್ಟಿಸೋಕೆ. ಸೀರೆಯ ಗಂಟನ್ನ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದರೆ ಮುಗೀತು. 2011ರ ಜನಗಣತಿಯಲ್ಲಿ ಈ ಜೋಡಿ ಊರಿನ ಜನಸಂಖ್ಯೆ ಸುಮಾರು 77 ಸಾವಿರ, ಜಮಖಂಡಿಯದು ಸುಮಾರು 69 ಸಾವಿರ, ಮುಧೋಳದ್ದು 52 ಸಾವಿರದಷ್ಟು. ಯಾವ ಊರನ್ನಾದರೂ ಈ ತುದಿಯಿಂದ ಆ ತುದಿಗೆ ಅರ್ಧ ತಾಸಿನೊಳಗೆ ಸೈಕಲ್ಲಿನಲ್ಲಿ ದಾಟಬಹುದು. ಬೆಂಗಳೂರಿನವರು ಕೋಟಿಗಟ್ಟಲೆ ಸುರಿದು ಕಟ್ಟೋಕೆ ನೋಡುತ್ತಿರುವ "ಹತ್ತಿರದ ಊರು" ನಮಗೆ ಪುಕ್ಕಟೆ ಸಿಕ್ಕಿದೆ.

ಮೈಸೂರಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ಶುರುವಾದಾಗ ಪೇಪರಿನವರೆಲ್ಲ ಹೊಸ ಕಲ್ಪನೆ ಅಂತ ಬರೆದರು. ತಾಸಿಗೆ ಇಷ್ಟು ಅಂತ ಸೈಕಲ್ ಬಾಡಿಗೆ ಕೊಡುವ ಅಂಗಡಿ ನಮ್ಮ ಬಸ್ ಸ್ಟ್ಯಾಂಡುಗಳ ಹತ್ತಿರ ಮೊದಲೇ ಇದ್ದವು! ಆ್ಯಪ್ ಇರಲಿಲ್ಲ, ಅಷ್ಟೇ. ಟ್ರಿಣ್ ಟ್ರಿಣ್ ಒಳ್ಳೆಯ ಪ್ರಯೋಗ, ಬೇಡ ಅನ್ನಲ್ಲ. ಆದರೆ ಇಲ್ಲಿ ಮನೆಮನೆಯಲ್ಲಿ ಸೈಕಲ್ ಬಿದ್ದಿದೆ. ಕೊರತೆ ಇರೋದು ಜಾಗಕ್ಕೆ.

ಜಾಗ ಎಲ್ಲಿ ಹೋಯಿತು? ಮೊದಲು ಲೂನಾ ಬಂತು, ಆಮೇಲೆ ಬೈಕು ಬಂತು, ಟಂಟಂ ಬಂತು. ಊರೊಳಗಿನ ರಸ್ತೆ ಅಗಲೀಕರಣ ಆಯಿತು. ಅಗಲೀಕರಣ ಅಂದರೆ ಏನು ಗಮನಿಸಿದ್ದೀರಾ? ಮರ ಹೋಗುತ್ತೆ, ಕಟ್ಟೆ ಹೋಗುತ್ತೆ, ಗಟಾರಿನ ಮೇಲೆ ಫರ್ಸಿ ಮುಚ್ಚಿ ಅದನ್ನೇ ಫುಟ್‌ಪಾತ್ ಅಂತಾರೆ. ಆ ಫರ್ಸಿ ಮೇಲೆ ಅಂಗಡಿಯ ಬೋರ್ಡು, ಬೋರ್ಡಿನ ಮುಂದೆ ಬೈಕು. ನಡೆಯೋರು ಡಾಂಬರಿಗೆ ಇಳೀತಾರೆ, ಸೈಕಲ್ಲಿನವರು ಇನ್ನೂ ನಡುವಿಗೆ ಸರೀತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಏನೂ ಅಡ್ಡ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಎದುರುಬದುರು ಬರುವ ಇಬ್ಬರು ಭುಜ ತಾಗದಂತೆ ದಾಟಿಹೋಗುವಷ್ಟು. ನಿಮ್ಮೂರಿನ ಮುಖ್ಯ ರಸ್ತೆಯಲ್ಲಿ ಒಂದು ಟೇಪು ಹಿಡಿದು ನೋಡಿ. ಅದರಲ್ಲೂ ಮುಖ್ಯ ರಸ್ತೆ ಬಹಳಷ್ಟು ಕಡೆ ಲೋಕೋಪಯೋಗಿ ಇಲಾಖೆಯದು, ಅಡ್ಡರಸ್ತೆ ನಗರಸಭೆಯದು. ದೂರು ಕೊಡೋಕೆ ಹೋದರೆ ಇವರು ಅವರ ಕಡೆ ತೋರಿಸ್ತಾರೆ, ಅವರು ಇವರ ಕಡೆ.

ಇನ್ನು ಕಬ್ಬಿನ ಸೀಸನ್. ನಮ್ಮ ಭಾಗದಲ್ಲಿ ಸೈಕಲ್ ಬಗ್ಗೆ ಮಾತಾಡಿ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟರೆ ಆ ಮಾತಿಗೆ ಅರ್ಥ ಇಲ್ಲ.

2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ತಂತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಎಂಟನೇ ತರಗತಿನೇ ಯಾಕೆ? ಹಳ್ಳಿಯಲ್ಲಿ ಏಳನೇ ತನಕ ಶಾಲೆ ಇರುತ್ತೆ, ಹೈಸ್ಕೂಲು ಪಕ್ಕದೂರಲ್ಲಿ. ಆ ನಾಲ್ಕೈದು ಕಿಲೋಮೀಟರಿನಲ್ಲೇ ಹುಡುಗಿಯರ ಓದು ನಿಲ್ಲುತ್ತಿತ್ತು. ಬಿಹಾರದಲ್ಲೂ ಆ ಹೊತ್ತಿಗೇ ಇಂಥದ್ದೇ ಯೋಜನೆ ಬಂತು, ಅಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ಏರಿತು ಅಂತ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ ತೋರಿಸಿದರು. ನಮ್ಮಲ್ಲಿ ಕೋವಿಡ್ ಹೊತ್ತಿಗೆ ಸೈಕಲ್ ಹಂಚೋದು ನಿಂತಿತು.

ಸರಕಾರ ಸೈಕಲ್ ಕೊಟ್ಟಿತು, ಸೈಕಲ್ ಹೋಗುವ ದಾರಿ ಕೊಡಲಿಲ್ಲ. ಮುಧೋಳ, ಜಮಖಂಡಿ ಸುತ್ತ ಕಾರ್ಖಾನೆಗಳು ಕಬ್ಬು ನುರಿಸೋದು ಹೆಚ್ಚುಕಡಿಮೆ ಅಕ್ಟೋಬರ್–ನವೆಂಬರಿನಿಂದ ಮಾರ್ಚಿನವರೆಗೆ. ಶಾಲೆಯ ಮುಖ್ಯ ದಿನಗಳೂ ಅವೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಅಂಚು ಮೀರಿ ಹೊರಚಾಚಿದ ಕಬ್ಬು, ಮೇಲೆ ಕಿವಿ ಹರಿಯೋ ಹಾಡು. ಮುಂದಿನ ಟ್ರೇಲರ್ ದಾಟಿದ ಮೇಲೆ ಎರಡನೆಯದು ಸ್ವಲ್ಪ ಒಳಗೆ ಎಳೆಯುತ್ತೆ, ತಿರುವಿನಲ್ಲಿ ಇನ್ನೂ ಹೆಚ್ಚು. ಸೈಕಲ್ಲಿನಲ್ಲಿ ಇರೋರಿಗೆ ಮಣ್ಣಿನ ಅಂಚಿಗೆ ಇಳಿಯದೆ ಗತಿಯಿಲ್ಲ, ಅಂಚು ಡಾಂಬರಿಗಿಂತ ಗೇಣುದ್ದ ಕೆಳಗೆ. ಸಂಜೆ ಆದ ಮೇಲೆ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ರಸ್ತೆ ಮೇಲೆ ಕೆಟ್ಟು ನಿಂತಿದ್ದರೆ, ಅದು ಕತ್ತಲಲ್ಲಿ ಗೋಡೆ ಇದ್ದ ಹಾಗೆ. ಪ್ರತಿ ವರ್ಷ ಸೀಸನ್ ಶುರುವಾಗುವಾಗ ಪೊಲೀಸರು ರಿಫ್ಲೆಕ್ಟರ್ ಅಂಟಿಸ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತೆ. ಅದು ಬೇಕಾದ್ದೇ. ಆದರೆ ಶಾಲೆ ಸೇರುವ ಮತ್ತು ಬಿಡುವ ಒಂದೊಂದು ತಾಸು ಕಬ್ಬಿನ ಗಾಡಿ ಊರೊಳಗೆ ಬರದಂತೆ ತಡೆಯೋದಕ್ಕೆ ಸಿಮೆಂಟು ಬೇಡ, ಟೆಂಡರ್ ಬೇಡ, ಒಂದು ಆದೇಶ ಸಾಕು. ನನ್ನನ್ನ ಕೇಳಿದರೆ, ಈ ನಾಲ್ಕು ಊರಿನಲ್ಲಿ ಮೊದಲು ಆಗಬೇಕಾದ ಕೆಲಸ ಇದೇ. ಸೈಕಲ್ ಟ್ರ್ಯಾಕ್‌ಗೆ ಹಸಿರು ಬಣ್ಣ ಬಳಿಯೋದು ಆಮೇಲೆ.

ಒಂದು ವಿಚಿತ್ರ ನೋಡಿ. ರಾಜ್ಯಕ್ಕೆ ಸೈಕ್ಲಿಂಗ್ ಪದಕ ತಂದುಕೊಡುವವರಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಯವರದೇ ದೊಡ್ಡ ಪಾಲು. ಎರಡೂ ಕಡೆ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇವೆ. ಆ ಹುಡುಗ ಹುಡುಗಿಯರು ಬೆಳಗಿನ ಜಾವ ಅಭ್ಯಾಸ ಮಾಡೋದೂ ಇಂಥದೇ ಹೆದ್ದಾರಿಗಳಲ್ಲಿ.

"ಪುರಸಭೆಯಲ್ಲಿ ದುಡ್ಡಿಲ್ಲ" ಅನ್ನೋ ಮಾತು ಬಂದೇ ಬರುತ್ತೆ. ಇದಕ್ಕೆ ಒಂದು ಹಳೆಯ ಕೇಸು ನೆನಪಿಟ್ಟುಕೊಳ್ಳಿ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಗಟಾರು ಕಟ್ಟಿಸಿ ಅಂತ ಜನ ಕೋರ್ಟಿಗೆ ಹೋದರು. ಪುರಸಭೆ ಹಣ ಇಲ್ಲ ಅಂದಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ನೆಪವನ್ನ ಒಪ್ಪಲಿಲ್ಲ. ಇನ್ನು 2025ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟು, ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಕರ್ನಾಟಕದಲ್ಲೂ ನಡೆಯೋರಿಗೆ, ಸೈಕಲ್ಲಿನವರಿಗೆ ರಸ್ತೆ ಮೇಲೆ ಹಕ್ಕು ಕೊಡುವ ಮಸೂದೆಯ ಕರಡನ್ನ ನಗರ ಭೂಸಾರಿಗೆ ನಿರ್ದೇಶನಾಲಯ ತಯಾರಿಸಿ ವರ್ಷಗಳಾದವು.

ಮತ್ತೆ, ದುಡ್ಡಿಲ್ಲ ಅನ್ನೋ ಮಾತನ್ನ ಜಮಖಂಡಿಯಲ್ಲಿ ಹೇಳೋದು ಸ್ವಲ್ಪ ಕಷ್ಟ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ಹಣ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ನೆಲ ಇದು. ಅದರ ಮುಂದಾಳು ಸಿದ್ದು ನ್ಯಾಮಗೌಡರನ್ನ ಜನ ಬ್ಯಾರೇಜ್ ಸಿದ್ದು ಅಂತಲೇ ಕರೆದರು. ಫುಟ್‌ಪಾತಿಗೂ ಪಟ್ಟಿ ಎತ್ತಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ತೆರಿಗೆ ಕಟ್ಟಿದ್ದೀವಿ.

ಹೊರಗಿನ ಉದಾಹರಣೆ ಒಂದೇ ಒಂದು ಕೊಡ್ತೀನಿ. ಸ್ಪೇನಿನಲ್ಲಿ ಪೊಂಟೆವೆದ್ರಾ ಅಂತ ಊರಿದೆ, ಜನಸಂಖ್ಯೆ ಸುಮಾರು 83 ಸಾವಿರ. ರಬಕವಿ-ಬನಹಟ್ಟಿಯಷ್ಟೇ ಅನ್ನಿ. 1999ರಲ್ಲಿ ಅಲ್ಲಿ ಒಬ್ಬ ಡಾಕ್ಟರು ಮೇಯರ್ ಆದರು, ಹೆಸರು ಲೋರೆಸ್. ಬಂದವರೇ ಹಳೇ ಪೇಟೆಯೊಳಗೆ ಹಾದುಹೋಗುವ ಕಾರುಗಳನ್ನ ನಿಲ್ಲಿಸಿದರು. ವ್ಯಾಪಾರಸ್ಥರು ಗಲಾಟೆ ಮಾಡಿದರು, ಆದರೂ ಮತ್ತೆ ಮತ್ತೆ ಅವರೇ ಗೆದ್ದರು. ಅಲ್ಲಿಯವರು ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ: ಮೆಟ್ರೋ ನಕ್ಷೆ ಥರಾ ಊರಿನ ನಡಿಗೆ ನಕ್ಷೆ. ಮಾರ್ಕೆಟ್‌ನಿಂದ ಸ್ಟೇಷನ್‌ಗೆ ಇಷ್ಟು ನಿಮಿಷ, ಶಾಲೆಯಿಂದ ನದಿಗೆ ಇಷ್ಟು ನಿಮಿಷ. ಮೊಬೈಲ್ ಇರೋ ಯಾವ ಕಾಲೇಜು ಹುಡುಗರಾದರೂ ಜಮಖಂಡಿಗೆ ಇದನ್ನ ಒಂದು ರವಿವಾರದಲ್ಲಿ ಮಾಡಬಹುದು.

ನಡೆಯೋರನ್ನ ನೋಡಿಕೊಳ್ಳೋದು ಸ್ಪೇನಿನಿಂದ ಕಲಿಯಬೇಕಾದ್ದೇನೂ ಅಲ್ಲ. ಯುಗಾದಿ ಹತ್ತಿರ ಬಂದಾಗ ನಮ್ಮ ಭಾಗದಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ಸಾವಿರಾರು ಜನ ನಡೀತಾರೆ. ದಾರಿಯುದ್ದಕ್ಕೂ ಪೆಂಡಾಲು, ಮಜ್ಜಿಗೆ, ರೊಟ್ಟಿ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕೋರೂ ಇರ್ತಾರೆ. ಮಲ್ಲಯ್ಯನ ಹೆಸರಲ್ಲಿ ನಡೆಯೋರಿಗೆ ಇಷ್ಟು ಮಾಡೋ ಊರಿನವರೇ, ಸಂತೆಗೆ ನಡೆದು ಹೋಗುವ ಆಯಿಗೆ ಕೂರೋಕೊಂದು ಕಲ್ಲು, ನೆರಳಿಗೊಂದು ಬೇವಿನ ಮರ ಬಿಟ್ಟಿಲ್ಲ.

ಬೀಳಗಿ ಕಡೆಯವರು ಕೇಳ್ತಿದ್ದರೆ ಇದು ನಿಮಗೆ. ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಹಳ್ಳಿಗಳ ಪುನರ್ವಸತಿ ಕೇಂದ್ರಗಳನ್ನ ನೋಡಿದ್ದೀರಿ. ಗೆರೆ ಎಳೆದಂಥ ಅಗಲ ರಸ್ತೆ, ನೆರಳು ಮಾತ್ರ ಇಲ್ಲ. ಹಳೇ ಊರಿಂದ ಹೊಲಕ್ಕೆ ಬುತ್ತಿ ಹೊತ್ತು ನಡೆದು ಹೋಗಬಹುದಿತ್ತು. ಹೊಲ ಉಳಿದವರಿಗೂ ಈಗ ಅದು ದೂರ, ಬೈಕಿಲ್ಲದೆ ಆಗಲ್ಲ. ಅಣೆಕಟ್ಟಿನ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಊರು ಏಳಬೇಕು, ಮತ್ತೆ ಹೊಸ ನಕ್ಷೆ ಬರೆಯಬೇಕು. ಶಾಲೆ, ಬಸ್ ಸ್ಟಾಪು, ದವಾಖಾನೆ ಮನೆಯಿಂದ ಎಷ್ಟು ನಿಮಿಷದ ನಡಿಗೆ ಅನ್ನೋ ಪ್ರಶ್ನೆಯನ್ನ ಆ ನಕ್ಷೆ ಟೇಬಲ್ ಮೇಲೆ ಇರುವಾಗಲೇ ಕೇಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಬದಲಿಸಲ್ಲ.

ಕೊನೆಗೆ ಆ ಲೆಕ್ಕದ ಮಾತು. ನಗರಸಭೆಗಳು ಬಜೆಟ್ ಮಂಡಿಸೋಕೆ ಮುಂಚೆ ಜನರ ಸಲಹೆ ಕೇಳೋ ಸಭೆ ಕರೀತಾರೆ. ಅಲ್ಲಿಗೆ "ಸೈಕಲ್ಲಿಗೆ ದಾರಿ ಕೊಡಿ" ಅಂತ ಬರೀ ಬಾಯಲ್ಲಿ ಹೇಳೋಕೆ ಹೋಗಬೇಡಿ. ಅದಕ್ಕೂ ಮೊದಲು ಒಂದು ವಾರ, ನಾಲ್ಕೈದು ಗೆಳೆಯರು ಸೇರಿ, ನಿಮ್ಮೂರಿನ ಒಂದೇ ಒಂದು ಸರ್ಕಲ್ಲಿನಲ್ಲಿ ಬೆಳಗ್ಗೆ 9ರಿಂದ 10 ನಿಂತುಕೊಳ್ಳಿ. ನಡೆಯೋರು ಎಷ್ಟು, ಸೈಕಲ್ ಎಷ್ಟು, ಅದರಲ್ಲಿ ಶಾಲೆ ಮಕ್ಕಳು ಎಷ್ಟು, ಬೈಕ್ ಎಷ್ಟು, ಕಾರು ಎಷ್ಟು, ಕಬ್ಬಿನ ಟ್ರ್ಯಾಕ್ಟರ್ ಎಷ್ಟು. ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಮಾಡಿ, ಎರಡು ಪ್ರತಿ ತೆಗೆಯಿರಿ. ಒಂದನ್ನ ಟಪಾಲಿಗೆ ಕೊಡಿ. ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬನ್ನಿ.