ಹುರಿಯಲ್ಲಿ ಹೊಲಿದ ಹಡಗು

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಎಂಜಿನ್ ಇಲ್ಲದ ಈ ಹಡಗನ್ನು ನೋಡಲು ಬಂದವರ ಕಣ್ಣು ಮೊದಲು ಹೋದದ್ದು ಅದರ ಮೈಮೇಲಿನ ಹೊಲಿಗೆಗೆ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ, ದರ್ಜಿ ಬಟ್ಟೆ ಹೊಲಿದ ಹಾಗೆ ಹೊಲಿದಿದ್ದರು.

ಅಜಂತಾದ ಗುಹೆಯಲ್ಲಿರುವ ಐದನೆಯ ಶತಮಾನದ ಚಿತ್ರವೊಂದೇ ಇದಕ್ಕೆ ಮಾದರಿ. ನಕ್ಷೆ ಇಲ್ಲ, ಅಳತೆ ಇಲ್ಲ. ಚಿತ್ರ ನೋಡಿ ಲೆಕ್ಕ ಹಾಕಿದರು. ಮದ್ರಾಸ್ ಐಐಟಿಯವರು ಪುಟ್ಟ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿದರು. ಗೋವಾದ ಹೊಡಿ ಇನ್ನೊವೇಶನ್ಸ್ ಕಟ್ಟೆಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಕೆಲಸ ಶುರುವಾಯಿತು. ಹೊಲಿದವರು ಕೇರಳದ ಬಾಬು ಶಂಕರನ್ ಮತ್ತವರ ಕೈಕೆಳಗಿನ ಕುಶಲಿಗಳು. ಹಾಯಿಯ ಮೇಲೆ ಬರೆದದ್ದು ಗಂಡಭೇರುಂಡ. ಕನ್ನಡಿಗರಿಗೆ ಆ ಎರಡು ತಲೆಯ ಹಕ್ಕಿಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇದು ವಸ್ತುಸಂಗ್ರಹಾಲಯದ ಕುತೂಹಲವೆಂದು ಕಂಡರೆ ಅದು ಕರಾವಳಿಗೆ ಮಾಡುವ ಅನ್ಯಾಯ. ನಮ್ಮ ದಂಡೆಯಲ್ಲಿ ಹೊಲಿದ ದೋಣಿ ತೀರ ಇತ್ತೀಚಿನವರೆಗೂ ದುಡಿಯುತ್ತಿತ್ತು. ಕಾರವಾರದಿಂದ ಉಡುಪಿಯವರೆಗೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಕಡಲಿಗೆ ಹೊತ್ತೊಯ್ಯುತ್ತಿದ್ದದ್ದು ಇಂಥದೇ ದೋಣಿ, ಹುರಿಯಲ್ಲಿ ಬಿಗಿದ ಹಲಗೆಗಳದ್ದು. 1970ರ ದಶಕದಲ್ಲಿ ಎಂಜಿನ್ ಇರುವ ಪರ್ಸೀನ್ ಬೋಟುಗಳು ಬಂದವು. ರಂಪಣಿ ಸೊರಗಿತು, ಅದರೊಂದಿಗೆ ದೋಣಿ ಹೊಲಿಯುವ ಕೈಗಳಿಗೂ ಕೆಲಸ ತಪ್ಪಿತು.

ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು. ಎರಡು ಹಲಗೆಗಳ ಅಂಚನ್ನು ಕೂದಲೆಳೆಯಷ್ಟೂ ಸಂದು ಉಳಿಯದಂತೆ ಕೂಡಿಸಿ, ಅಂಚಿನುದ್ದಕ್ಕೂ ಜೋಡಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ತೆಂಗಿನ ನಾರಿನ ದಪ್ಪ ಸಿಂಬಿಯನ್ನು ಉದ್ದಕ್ಕೆ ಮಲಗಿಸುತ್ತಾರೆ. ಹಡಗಿನ ಒಳಗೊಬ್ಬ, ಹೊರಗೊಬ್ಬ. ಒಳಗಿನವನು ತೂರಿಸಿದ ಹುರಿಯನ್ನು ಹೊರಗಿನವನು ಹಿಡಿದು, ಕೋಲಿಗೆ ಸುತ್ತಿ, ಮೀಟಿ ಬಿಗಿಯುತ್ತಾನೆ. ಮತ್ತೆ ಒಳಕ್ಕೆ ಕೊಡುತ್ತಾನೆ. ನಾರಿನ ಸಿಂಬಿ ಹಿಂಡಿ ಗಟ್ಟಿಯಾಗುವ ತನಕ ಎಳೆತ ನಿಲ್ಲುವುದಿಲ್ಲ. ಒಬ್ಬನ ಎಳೆತ ಸಡಿಲಾದರೆ ಇಬ್ಬರ ಕೆಲಸವೂ ಕೆಟ್ಟಿತು. ಆಮೇಲೆ ತೂತುಗಳಿಗೆ ನಾರು ತುರುಕಿ, ಮರದ ರಾಳ ಮೆತ್ತಿ, ಮೇಲಿಂದ ಮೀನೆಣ್ಣೆ ಬಳಿಯುತ್ತಾರೆ. ಕೌಂಡಿನ್ಯಕ್ಕೂ ಹಚ್ಚಿದ್ದು ಮೀನೆಣ್ಣೆಯೇ.

ಇಷ್ಟಾದರೂ ಹಡಗು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಹುರಿ ಒಣಗಿದರೆ ಪೆಡಸಾಗಿ ತುಂಡಾಗುತ್ತದೆ. ಎಣ್ಣೆ ಕುಡಿದಿದ್ದರೆ ಬಾಳುತ್ತದೆ. ನೀರೊಳಗಿನ ಭಾಗವನ್ನು ಮರ ಕೊರೆಯುವ ಹುಳು ತಿನ್ನುತ್ತದೆ, ಅದಕ್ಕೆ ಸುಣ್ಣ, ಕೊಬ್ಬು ಕಲಸಿದ ಲೇಪ. ಹೊಲಿಗೆ ದಣಿದಾಗ ಅದನ್ನು ಬಿಚ್ಚಿ ಅದೇ ಹಲಗೆಗಳನ್ನು ಹೊಸ ಹುರಿಯಲ್ಲಿ ಮತ್ತೆ ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗಿಗೆ ಈ ಸೌಲಭ್ಯವಿಲ್ಲ, ಮೊಳೆ ಕಿತ್ತರೆ ಹಲಗೆ ಸೀಳುತ್ತದೆ.

ಈ ದುರಸ್ತಿಗೆ ಕಾಲವನ್ನು ಗೊತ್ತುಮಾಡಿದ್ದು ಮುಂಗಾರು. ಜೂನ್‌ನಿಂದ ಕಡಲು ಮುಚ್ಚುತ್ತದೆ. ದೋಣಿಗಳನ್ನು ದಡಕ್ಕೆಳೆದು, ಮಡಲಿನ ಚಪ್ಪರದಡಿ ನಿಲ್ಲಿಸಿ, ಬಿಚ್ಚಿ ಹೊಲಿಯುವ ತಿಂಗಳುಗಳವು. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಋತು ತೆರೆಯುತ್ತದೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಕಾರವಾರದ ಬೈತಖೋಲದಲ್ಲೂ ಮಂಗಳೂರಿನ ಬಂದರಿನಲ್ಲೂ ಬೋಟುಗಳ ರಿಪೇರಿ ನಡೆಯುತ್ತದೆ. ಎಂಜಿನ್ ಬಂದರೂ ಪಂಚಾಂಗ ಬದಲಾಗಲಿಲ್ಲ.

ಅರಬ್ ದೇಶಗಳಿಗೆ ಹೊರಡುವ ಹಡಗುಗಳು ಇನ್ನೂ ಕಾಯಬೇಕಿತ್ತು, ಈಶಾನ್ಯದ ಗಾಳಿ ನೆಲೆಗೊಳ್ಳುವ ನವೆಂಬರ್, ಡಿಸೆಂಬರ್‌ವರೆಗೆ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರದಿಂದ ಹಿಂದಿರುಗುವಾಗ ಹೊನ್ನಾವರಕ್ಕೆ ಬಂದು, ಹಡಗು ಗೊತ್ತುಮಾಡಿಕೊಂಡು, ಹೊರ್ಮುಜ್ ಕಡೆಗೆ ಹೊರಟದ್ದು 1444ರಲ್ಲಿ. ವಾರಗಟ್ಟಲೆ ಹಡಗೇ ಮನೆ. ಅಕ್ಕಿ, ಒಣಮೀನು, ತೆಂಗಿನಕಾಯಿ, ಸಿಹಿನೀರು, ಮಣ್ಣು ಮೆತ್ತಿದ ಪೆಟ್ಟಿಗೆಯಲ್ಲಿ ಒಲೆ: ಇಂಥ ಹಡಗಿನ ಸಂಸಾರ ಅಷ್ಟೇ.

ಅವನಿಗೂ ನೂರು ವರ್ಷ ಮೊದಲು ಹೊನ್ನಾವರದಲ್ಲಿ ಉಳಿದಿದ್ದ ಇಬ್ನ್ ಬತೂತ ಹೊಲಿದ ಹಡಗುಗಳನ್ನು ಮೆಚ್ಚಿ ಬರೆದ. ಕಬ್ಬಿಣದ ಮೊಳೆಯ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಅವನ ಅಭಿಪ್ರಾಯ. ಹೊರ್ಮುಜ್‌ನಲ್ಲಿ ಇಂಥ ಹಡಗು ಕಂಡ ಮಾರ್ಕೊ ಪೋಲೊ ಮಾತ್ರ ಇವು ಅಪಾಯದವು ಎಂದು ಹಳಿದಿದ್ದ. ತೀರ್ಪು ಬತೂತನ ಕಡೆಗೇ ವಾಲುತ್ತದೆ: ಅವನು ಈ ನೀರಿನಲ್ಲಿ ಹೆಚ್ಚು ಓಡಾಡಿದವನು, ಹಡಗು ಮುಳುಗಿದ ನಷ್ಟವನ್ನೂ ಉಂಡವನು.

ಕಡಲು ಕಾಣದ ಬಯಲಿಗೂ ಈ ಹಡಗುಗಳ ಋಣವಿದೆ. ಮಿರಜ, ಮ್ಹೈಸಾಳದ ಬಯಲಿನಲ್ಲಿ ಹರಿಯುವ ಕೃಷ್ಣೆ ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಮಹಾಬಳೇಶ್ವರದಲ್ಲಿ ಹುಟ್ಟಿಯೂ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿಯುತ್ತಾಳೆ. ಆದರೆ ಆ ಬಯಲಿಗೆ ಕುದುರೆ ಬಂದದ್ದು ಪಡುವಣದಿಂದ. ಮಿರಜ ವಿಜಾಪುರದ ಆದಿಲಶಾಹಿಗೆ ಸೇರಿದ್ದ ಕಾಲದಲ್ಲಿ ಆ ರಾಜ್ಯದ ದೊಡ್ಡ ಬಂದರು ದಾಭೋಳ. ಅರಬ್ ಕುದುರೆಗಳು ಕಡಲು ದಾಟಿ ಇಳಿದು, ಘಟ್ಟ ಹತ್ತಿ ವಿಜಾಪುರದ ಲಾಯ ಸೇರುತ್ತಿದ್ದವು. ಕುದುರೆಯ ಬೆಲೆ, ಸುಲ್ತಾನರ ಹೆಸರು ಇತಿಹಾಸದಲ್ಲಿ ನಿಂತಿವೆ. ಹಡಗಿನ ಹುರಿ ಬಿಗಿದವನ ಹೆಸರು ಒಂದೂ ಉಳಿದಿಲ್ಲ.

ಆ ಹುರಿಯ ದಾರಿಯಲ್ಲಿ ಹಿಂದಕ್ಕೆ ನಡೆದರೆ ಸಿಗುವುದು ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದಿವಿ ದ್ವೀಪಗಳು ಟಿಪ್ಪುವಿನ ಕೈಯಿಂದ 1799ರಲ್ಲಿ ಇಂಗ್ಲಿಷರಿಗೆ ದಾಟಿ, 1956ರವರೆಗೂ ಮಂಗಳೂರಿನ ಆಡಳಿತಕ್ಕೆ ಸೇರಿದ್ದವು. ದ್ವೀಪದವರು ತೆಂಗಿನ ಸಿಪ್ಪೆ ಕೊಳೆಸಿ, ಬಡಿದು, ಹೊಸೆದ ಹುರಿಯನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ತುಂಬಿ, ಸುಮಾರು 300 ಕಿಲೋಮೀಟರ್ ತೆರೆದ ಕಡಲು ದಾಟಿ ಮಂಗಳೂರಿಗೆ ತರುತ್ತಿದ್ದರು. ದಾರಿ ತೋರಿಸಲು ನಕ್ಷತ್ರ, ಮತ್ತು ರಹಮಾನಿ ಎಂದು ಕರೆಯುವ ಕೈಬರಹದ ನಾವಿಕ ಪುಸ್ತಕ. ಹುರಿಯನ್ನು ಸರ್ಕಾರಕ್ಕೇ ಕೊಡಬೇಕಿತ್ತು, ಬದಲಿಗೆ ಅಕ್ಕಿ ಪಡೆಯಬೇಕಿತ್ತು. ದರ ಸರ್ಕಾರ ಹೇಳಿದ್ದು. ಅಕ್ಕಿ ಬೆಳೆಯದ ದ್ವೀಪದವರಿಗೆ ಬೇರೆ ದಾರಿ ಇರಲಿಲ್ಲ.

ಹಡಗು ಹೊಲಿಯುವ ವಿದ್ಯೆ ಪೂರ್ತಿ ಆರಿಹೋಗಲಿಲ್ಲ. ಬ್ರಿಟಿಷ್ ಅನ್ವೇಷಕ ಟಿಮ್ ಸೆವೆರಿನ್ ಒಮಾನಿನ ಸೂರ್‌ನಲ್ಲಿ ಸೋಹರ್ ಎಂಬ ಹೊಲಿಗೆಯ ಹಡಗು ಕಟ್ಟಲು ಹೊರಟಾಗ ಹೊಲಿಯಲು ಕರೆಸಿದ್ದು ಲಕ್ಷದ್ವೀಪದ ಅಗತ್ತಿಯವರನ್ನು. ಮರ ಹೋದದ್ದೂ ನಮ್ಮ ಪಡುಗಡಲ ದಂಡೆಯಿಂದಲೇ, ಘಟ್ಟದಲ್ಲಿ ಬೆಳೆಯುವ ಹೆಬ್ಬಲಸು. 1980ರ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟ ಆ ಹಡಗು ಮರುವರ್ಷ ಚೀನಾ ಮುಟ್ಟಿತು.

ಕೌಂಡಿನ್ಯ ಪೋರಬಂದರಿನಿಂದ ಮಸ್ಕತ್‌ಗೆ ಹೊರಟದ್ದು 2025ರ ಡಿಸೆಂಬರ್ 29ರಂದು. ಚೌಕ ಹಾಯಿ, ಚುಕ್ಕಾಣಿಯ ಬದಲು ಉದ್ದನೆಯ ಹುಟ್ಟು. ಇಂಥ ಹಡಗನ್ನು ನಡೆಸಿದ ಅಭ್ಯಾಸವಿಲ್ಲದ ಕಾರಣ ನಾವಿಕರು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಬೀಸುತ್ತಿದ್ದದ್ದು ಹಿಂದೆ ಅರಬ್ ದೇಶಗಳಿಗೆ ಹೊರಡುವ ಹಡಗುಗಳು ಕಾಯುತ್ತಿದ್ದ ಅದೇ ಈಶಾನ್ಯದ ಗಾಳಿ. ಜನವರಿಯ ಮಧ್ಯದ ಹೊತ್ತಿಗೆ ಹಡಗು ಮಸ್ಕತ್ ಸೇರಿತು.